ಎಕ್ಕದ ಗಿಡದ ವಿಷಕನ್ಯೆಯರು

ರಥಸಪ್ತಮಿಯ ಬೆಳಿಗ್ಗೆ ತಲೆ, ಭುಜಗಳ ಮೇಲೆ ಎಕ್ಕದ ಎಲೆ ಇಟ್ಟುಕೊಂಡು ಮೀಯುವಾಗ, ಶನಿವಾರ ಹನುಮಂತನಿಗೆ ಎಕ್ಕದ ಹಾರ ಕಟ್ಟುವಾಗ, ಕಾಲಿನಲ್ಲಿ ಮುರಿದ ಮುಳ್ಳು ಮೇಲೆ ಬರಲೆಂದು ಅದರ ಹಾಲು ಹಚ್ಚುವಾಗ ಮನೆಯ ಹಿರಿಯರು ತಪ್ಪದೆ ಹೇಳುವ ಮಾತೊಂದಿದೆ: ‘ಕಣ್ಣು ಮುಟ್ಟಿಕೊಂಡೀಯ, ಮೊದಲು ಕೈ ತೊಳಿ’. ಅದು ಬರೀ ಹೆದರಿಕೆಯ ಮಾತಲ್ಲ. ಎಕ್ಕದ ಹಾಲು ಕಣ್ಣಿಗೆ ಸಿಡಿದು ಕಾರ್ನಿಯಾ ಬಾತು, ದೃಷ್ಟಿ ಮಂಜಾಗಿ ಬಂದವರಿಗೆ ಚಿಕಿತ್ಸೆ ಕೊಟ್ಟ ವರದಿಗಳು ನಮ್ಮ ನೇತ್ರವೈದ್ಯರ ಬಳಿ ಬೇಕಾದಷ್ಟಿವೆ. ಊರಾಚೆಯ ಬಯಲಿನಲ್ಲಿ ಹುಲ್ಲೆಲ್ಲ ಒಣಗಿದ ಮೇಲೂ ಎಕ್ಕದ ಪೊದೆ ಮಾತ್ರ ಬೂದುಹಸಿರಾಗಿ ಉಳಿದಿರುವುದಕ್ಕೂ ಇದೇ ಕಾರಣ. ದನ ಅದನ್ನು ಬಳಸಿಕೊಂಡು ಮುಂದೆ ಹೋಗುತ್ತದೆ.

ಅಂಥ ಗಿಡವನ್ನೇ ತವರು ಮಾಡಿಕೊಂಡ ಚಿಟ್ಟೆಯೊಂದಿದೆ. ಕಿತ್ತಳೆ ಮೈ, ರೆಕ್ಕೆಯ ತುದಿಗೆ ಕಪ್ಪು, ಕಪ್ಪಿನ ಮೇಲೆ ಬಿಳಿ ಚುಕ್ಕೆ. ಇಂಗ್ಲಿಷಿನವರು ಇಟ್ಟ ಹೆಸರು ಪ್ಲೇನ್ ಟೈಗರ್. ಕರ್ನಾಟಕದ ಯಾವ ಜಿಲ್ಲೆಯಲ್ಲಿ ಬೇಕಾದರೂ, ವರ್ಷದ ಯಾವ ತಿಂಗಳಲ್ಲಿ ಬೇಕಾದರೂ ಕಾಣುತ್ತದೆ. ಇದರ ಹಾರಾಟ ನೋಡಿದವರಿಗೆ ಮೊದಲು ಹೊಳೆಯುವುದು ಅವಸರವೇ ಇಲ್ಲದ ಅದರ ಗತ್ತು. ಬೇರೆ ಚಿಟ್ಟೆಗಳು ನೆರಳು ಬಿದ್ದರೆ ಸಾಕು, ಅಡ್ಡಾದಿಡ್ಡಿ ತೂರಿ ಮರೆಯಾಗುತ್ತವೆ. ಇದು ಕಾಜಾಣ ಕೂತ ತಂತಿಯ ಕೆಳಗೇ ತೇಲಿಕೊಂಡು ಹೋಗುತ್ತದೆ. ಆ ಧೈರ್ಯದ ಮೂಲ ಕಂಬಳಿಹುಳುವಾಗಿದ್ದ ದಿನಗಳಲ್ಲಿದೆ.

ಎಕ್ಕದ ಎಳೆಯ ಎಲೆಗಳನ್ನು ಒಂದೊಂದಾಗಿ ಮಗುಚುತ್ತ ಹೋದರೆ ಕೆಳಮೈಯಲ್ಲಿ ಹುಳು ಸಿಗುತ್ತದೆ. ಬಿಳಿ, ಕಪ್ಪು, ಹಳದಿ ಪಟ್ಟೆ. ಬೆನ್ನಿನ ಮೇಲೆ ಮೂರು ಜೊತೆ ಕಪ್ಪು ಕೊಂಬು. ಬಚ್ಚಿಟ್ಟುಕೊಳ್ಳುವ ಉದ್ದೇಶವೇ ಇಲ್ಲದ ವೇಷ. ಅದು ತಿನ್ನುವ ಕ್ರಮವನ್ನು ಗಮನಿಸಬೇಕು. ಮರಿಹುಳು ನೇರವಾಗಿ ಎಲೆಗೆ ಬಾಯಿ ಹಾಕುವುದಿಲ್ಲ. ಮೊದಲು ತನ್ನ ಸುತ್ತ ಎಲೆಯ ಮೇಲ್ಪದರವನ್ನು ಬಳೆಯಾಕಾರದಲ್ಲಿ ಕಚ್ಚಿ ಕಾಲುವೆ ತೋಡುತ್ತದೆ. ಕಾಲುವೆಯ ಅಂಚಿನಲ್ಲಿ ಹಾಲು ಜಿನುಗಿ ಹೆಪ್ಪುಗಟ್ಟುತ್ತದೆ. ಒಳಗಿನ ವೃತ್ತಕ್ಕೆ ಹೊಸ ಹಾಲು ಬರುವ ದಾರಿ ಬಂದ್ ಆದ ಮೇಲೆ ಅಷ್ಟನ್ನು ಮಾತ್ರ ಕೊರೆದು ತಿನ್ನುತ್ತದೆ. ಬಲಿತ ಹುಳುವಿಗೆ ಇಷ್ಟು ತಾಳ್ಮೆ ಬೇಡ. ನಡುನರವನ್ನೇ ಕಚ್ಚಿ ತುಂಡರಿಸಿ, ಎಲೆ ಜೋತುಬಿದ್ದ ಮೇಲೆ ತುದಿಯಿಂದ ಊಟ ಶುರು ಮಾಡುತ್ತದೆ. ಅಮೆರಿಕದ ಡೇವಿಡ್ ಡಸೋರ್ಡ್ ಮತ್ತು ಥಾಮಸ್ ಐಸ್ನರ್ 1987ರಲ್ಲಿ ಈ ನರ ಕತ್ತರಿಸುವ ವಿದ್ಯೆಯನ್ನು ವಿವರವಾಗಿ ಬರೆದರು. ಎಕ್ಕದ ವಿಷಕ್ಕೆ ಜಗ್ಗದ ಹುಳುವಿಗೂ ಎಕ್ಕದ ಅಂಟಿನ ಭಯ ತಪ್ಪಿದ್ದಲ್ಲ. ಪ್ಲೇನ್ ಟೈಗರ್‌ನ ಅಮೆರಿಕದ ದಾಯಾದಿ ಮೊನಾರ್ಕ್ ಚಿಟ್ಟೆಯ ಮರಿಗಳು ಹುಟ್ಟಿದ ಮೊದಲ ಗಂಟೆಗಳಲ್ಲೇ ಹಾಲಿನಲ್ಲಿ ಬಾಯಿ ಅಂಟಿಕೊಂಡು ಸಾಯುವುದು ತೀರಾ ಸಾಮಾನ್ಯ.

ಅಂದರೆ ಗಿಡದ ಕಾವಲು ಎರಡು ಸುತ್ತಿನದು. ಮೊದಲನೆಯದು ಅಂಟು. ಎರಡನೆಯದು ಕಾರ್ಡಿನೊಲೈಡ್ ಎಂಬ ಹೃದಯವಿಷ.

ನಮ್ಮ ಮೈಯ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲೂ ಪ್ರೋಟೀನಿನ ಪಂಪುಗಳಿವೆ. ಒಂದೊಂದು ಸುತ್ತಿಗೂ 3 ಸೋಡಿಯಂ ಅಯಾನುಗಳನ್ನು ಆಚೆ ದಬ್ಬಿ 2 ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುವುದು ಅವುಗಳ ಕಸುಬು. ನರದಲ್ಲಿ ಸಂಕೇತ ಹರಿಯುವುದು, ಹೃದಯ ತಾಳ ತಪ್ಪದೆ ಬಡಿಯುವುದು ಎರಡೂ ಈ ಪಂಪಿನ ಕೃಪೆ. ಕಾರ್ಡಿನೊಲೈಡ್ ಹೋಗಿ ಪಂಪಿಗೆ ಅಡ್ಡಗಾಲಾಗಿ ಕೂರುತ್ತದೆ. ಅಳತೆ ತೀರಾ ಕಡಿಮೆಯಿದ್ದರೆ ಹೃದಯ ಇನ್ನಷ್ಟು ಗಟ್ಟಿಯಾಗಿ ಬಡಿಯುತ್ತದೆ, ಸ್ವಲ್ಪ ಹೆಚ್ಚಾದರೂ ಲಯ ತಪ್ಪಿ ನಿಲ್ಲುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದಿಂದ ಹೃದ್ರೋಗಕ್ಕೆ ಔಷಧ ಕೊಟ್ಟ ಅನುಭವವನ್ನು ಪುಸ್ತಕ ಮಾಡಿದ್ದು ಇದೇ ಜಾತಿಯ ರಸಾಯನಗಳ ಬಲದಿಂದ. ಇಂದಿಗೂ ಬರೆದುಕೊಡುವ ಡಿಗಾಕ್ಸಿನ್ ಮಾತ್ರೆ ಅದೇ ವಂಶದ್ದು. ಕಣಗಿಲೆಯಲ್ಲಿರುವುದೂ ಅದೇ ಬಳಗದ ವಿಷ. ಹಳ್ಳಿಗಳಲ್ಲಿ ಕಣಗಿಲೆ ಅರೆದು ಕುಡಿದವರ ಕಥೆ ಯಾರಿಗೆ ಗೊತ್ತಿಲ್ಲ?

ಹುಳು ಹೇಗೆ ಬದುಕುತ್ತದೆ ಹಾಗಾದರೆ? ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದಲ್ಲಿ ವಿಷಕನ್ಯೆ ಬರುತ್ತಾಳೆ. ಎಳವೆಯಿಂದ ಚಿಟಿಕೆ ಚಿಟಿಕೆಯಾಗಿ ವಿಷ ಉಣ್ಣಿಸಿ ಇಂಥವರನ್ನು ಬೆಳೆಸುತ್ತಿದ್ದರು ಎನ್ನುವುದು ನಮ್ಮಲ್ಲಿ ಹಳೆಯ ನಂಬಿಕೆ. ಚಿಟ್ಟೆಗಳದ್ದು ಅಂಥ ಅಭ್ಯಾಸಬಲವಲ್ಲ, ಹುಟ್ಟುಗುಣ. ಮೊನಾರ್ಕ್‌ನ ಪಂಪನ್ನು ಬಿಚ್ಚಿ ನೋಡಿದವರಿಗೆ ಆ ಪ್ರೋಟೀನಿನ 111, 119 ಮತ್ತು 122ನೇ ಜಾಗಗಳಲ್ಲಿ ಅಮೈನೊ ಆಮ್ಲಗಳು ಬದಲಾಗಿರುವುದು ಕಂಡಿತು. ಬೀಗದೊಳಗಿನ ಹಲ್ಲು ಒಂಚೂರು ಸರಿದಿದೆ, ವಿಷದ ಕೀಲಿ ಸರಿಯಾಗಿ ಕೂರುವುದಿಲ್ಲ, ಪಂಪು ತನ್ನ ಪಾಡಿಗೆ ತಾನು ನಡೆಯುತ್ತದೆ.

ಇದು ಊಹೆಯೋ ನಿಜವೋ ಎಂದು ಪರೀಕ್ಷಿಸಿದ ಬಗೆ ಇನ್ನೂ ಸೊಗಸಾಗಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ನೋವಾ ವೈಟ್‌ಮನ್ ತಂಡದವರು ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದ ವಂಶವಾಹಿಯಲ್ಲಿ ಕ್ರಿಸ್ಪರ್ ತಂತ್ರದಿಂದ ಅವೇ ಮೂರು ತಿದ್ದುಪಡಿ ಮಾಡಿದರು. ತಿದ್ದಿದ ನೊಣಗಳು ವಿಷ ಬೆರೆಸಿದ ಆಹಾರ ತಿಂದು ಬೆಳೆದವು. 2019ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಅಡಿಯಲ್ಲಿರುವ ಇನ್ನೊಂದು ಫಲಿತಾಂಶ. 122ನೇ ಜಾಗವನ್ನು ಒಂದನ್ನೇ ತಿದ್ದಿದ ನೊಣಗಳು ವಿಷಕ್ಕೆ ಜಗ್ಗಲಿಲ್ಲ, ಆದರೆ ಸೀಸೆಯನ್ನು ಜೋರಾಗಿ ಅಲ್ಲಾಡಿಸಿದರೆ ಸಾಕು, ಲಕ್ವ ಹೊಡೆದಂತೆ ಬಿದ್ದುಬಿಡುತ್ತಿದ್ದವು. 119ರ ಬದಲಾವಣೆ ಜೊತೆಗಿದ್ದಾಗ ಆ ತೊಂದರೆ ತಗ್ಗಿತು. ಪಂಪನ್ನು ವಿಷದಿಂದ ಉಳಿಸಿಕೊಳ್ಳಲು ಹೋದರೆ ನರಮಂಡಲ ದಂಡ ತೆರಬೇಕು, ಆ ದಂಡ ತಗ್ಗಿಸಲು ಮತ್ತೊಂದು ತಿದ್ದುಪಡಿ ಬೇಕು. ಚಿಟ್ಟೆ ಗಿಡದಿಂದ ‘ಪುಕ್ಕಟೆ’ ವಿಷ ಪಡೆಯುತ್ತದೆ ಎಂದು ಶಾಲೆಯ ಪಾಠಗಳಲ್ಲಿ ಹೇಳುವುದುಂಟು. ಪುಕ್ಕಟೆ ಯಾವುದೂ ಇಲ್ಲ.

ವಾಂತಿ ಮಾಡಿದ ಹಕ್ಕಿ

ಚಿಟ್ಟೆಯ ಮೈಯಲ್ಲಿ ಗಿಡದ್ದೇ ವಿಷವಿದೆ ಎಂದು ಖಚಿತವಾದದ್ದು ನಿನ್ನೆ ಮೊನ್ನೆ. ಲಂಡನ್ನಿನ ಶ್ರೀಮಂತ ಬ್ಯಾಂಕರ್ ಮನೆತನದ ಮಿರಿಯಂ ರಾಥ್‌ಶೀಲ್ಡ್ ಪದವಿಯ ಗೋಜಿಗೆ ಹೋಗದೆ ಮನೆಯಲ್ಲೇ ಕಲಿತು ಚಿಗಟಗಳ ಮಹಾಪಂಡಿತೆಯಾದ ಹೆಣ್ಣುಮಗಳು. ಕಾರ್ಟಿಸೋನ್ ಸಂಶೋಧನೆಗಾಗಿ 1950ರ ನೊಬೆಲ್ ಹಂಚಿಕೊಂಡಿದ್ದ ಟಾಡಿಯಸ್ ರೈಕ್‌ಸ್ಟೈನ್ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ. ಇವರಿಬ್ಬರೂ ಸಂಗಡಿಗರ ಜೊತೆ ಸೇರಿ ಮೊನಾರ್ಕ್ ಚಿಟ್ಟೆಗಳನ್ನು ಅರೆದು, ಸೋಸಿ, ಅದರೊಳಗಿನ ಹೃದಯವಿಷಗಳನ್ನು ಹೆಸರು ಹಿಡಿದು ಗುರುತಿಸಿ 1968ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮುಖ್ಯವಾದ ಕೆಲೊಟ್ರೊಪಿನ್‌ಗೆ ಆ ಹೆಸರು ಬಂದಿರುವುದು ಎಕ್ಕದ ಶಾಸ್ತ್ರೀಯ ಹೆಸರಿನಿಂದಲೇ.

ಅದೇ ಹೊತ್ತಿಗೆ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಮರ್ಸ್ಟ್ ಕಾಲೇಜಿನಲ್ಲಿ ಲಿಂಕನ್ ಬ್ರೋವರ್ ಇನ್ನೊಂದು ತುದಿಯಿಂದ ಕೆಲಸ ಶುರು ಮಾಡಿದ್ದರು. ಅವರ ಪ್ರಶ್ನೆ ಸರಳ: ಹಕ್ಕಿಗೆ ಏನಾಗುತ್ತದೆ? ಉತ್ತರಕ್ಕೆ ವಿಷವಿಲ್ಲದ ಮೊನಾರ್ಕ್ ಬೇಕಿತ್ತು. ಅವರ ತಂಡ ಬಹಳ ಒದ್ದಾಡಿ ಮೊನಾರ್ಕ್ ಹುಳುಗಳ ಒಂದು ತಳಿಯನ್ನು ಎಲೆಕೋಸಿನ ಮೇಲೆ ಬೆಳೆಸಿತು! ಎಲೆಕೋಸು ತಿಂದು ಬೆಳೆದ ಚಿಟ್ಟೆಯನ್ನು ಪಂಜರದ ಬ್ಲೂ ಜೇ ಹಕ್ಕಿಗಳು ಚಪ್ಪರಿಸಿ ತಿಂದವು. ಎಕ್ಕದ ಕುಟುಂಬದ ಗಿಡ ತಿಂದು ಬೆಳೆದ ಚಿಟ್ಟೆಯನ್ನು ಕೊಟ್ಟಾಗಲೂ ತಿಂದವು. ಸ್ವಲ್ಪ ಹೊತ್ತಿನಲ್ಲೇ ಗರಿ ಕೆದರಿಕೊಂಡು, ಕತ್ತು ಚಾಚಿ ವಾಂತಿ ಮಾಡಿದವು. ಆ ಮೇಲೆ ಮೊನಾರ್ಕ್ ಕಂಡರೇ ಓಕರಿಸುವಂತಾದವು. ಎರಡೂ ಚಿಟ್ಟೆಗಳು ನೋಡಲು ತದ್ರೂಪ. ವ್ಯತ್ಯಾಸ ಕಂಬಳಿಹುಳುವಿನ ಊಟದ್ದು ಮಾತ್ರ. ವಾಂತಿ ಮಾಡುತ್ತಿರುವ ಆ ಹಕ್ಕಿಯ ಫೋಟೊ ಜೀವವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಅಚ್ಚಾಗುತ್ತಿದೆ.

ಬ್ರೋವರ್ ಮುಂದೆ ತೋರಿಸಿಕೊಟ್ಟ ಒಂದು ಸಂಗತಿ ಚಿಟ್ಟೆಯ ವಿನ್ಯಾಸವನ್ನು ಹತ್ತಿರದಿಂದ ನೋಡಿದಂತಿದೆ. ಮೈಯ ಬೇರೆ ಭಾಗಗಳಿಗಿಂತ ರೆಕ್ಕೆಯಲ್ಲಿ ವಿಷದ ಸಾಂದ್ರತೆ ಹೆಚ್ಚು. ಹಕ್ಕಿ ಮೊದಲು ಹಿಡಿಯುವುದು ರೆಕ್ಕೆಯನ್ನು. ಕಹಿ ತಾಗಿದರೆ ಉಗುಳುತ್ತದೆ. ಈ ಬಳಗದ ಚಿಟ್ಟೆಗಳ ಮೈ ತೊಗಲಿನಂತೆ ಬಿಗಿ. ಒಂದೆರಡು ಕುಟುಕಿಗೆ ಸಾಯುವುದಿಲ್ಲ. ರೆಕ್ಕೆಯಂಚಿನಲ್ಲಿ ಕೊಕ್ಕಿನ ಗುರುತು ಮೂಡಿಸಿಕೊಂಡು ಹಾರಾಡುವ ಪ್ಲೇನ್ ಟೈಗರ್‌ಗಳನ್ನು ಯಾರು ಬೇಕಾದರೂ ಹುಡುಕಿ ನೋಡಬಹುದು.

ಹಾಗೆಂದು ಎಲ್ಲ ಪ್ಲೇನ್ ಟೈಗರ್‌ಗಳೂ ಒಂದೇ ಸಮನಾದ ವಿಷದ ಪೊಟ್ಟಣಗಳಲ್ಲ. ಯಾವ ಗಿಡದ ಮೇಲೆ ಬೆಳೆಯಿತು, ಆ ಗಿಡದಲ್ಲಿ ಎಷ್ಟು ವಿಷವಿತ್ತು ಎಂಬುದನ್ನು ನೋಡಿಕೊಂಡು ಕೆಲವು ಕಡುಕಹಿ, ಕೆಲವು ಬರೀ ಸಪ್ಪೆ. ಸಪ್ಪೆಯವು ಕಹಿಯವರ ಹೆಸರು ಹೇಳಿಕೊಂಡು ಬದುಕುತ್ತವೆ.

ವಿಚಿತ್ರವೆಂದರೆ ಕಾಮನ್ ಕ್ರೋ. ಕಂದುಗಪ್ಪು ರೆಕ್ಕೆ, ಅಂಚಿಗೆ ಬಿಳಿ ಚುಕ್ಕೆಗಳ ಸಾಲು. ಮನೆಯಂಗಳದ ಕಣಗಿಲೆ ಎಲೆಯ ಕೆಳಗೆ ಬೆಳ್ಳಿ ತಗಡಿನಂತೆ ಫಳಫಳ ಹೊಳೆಯುವ ಪೊರೆಕೋಶ ತೂಗುತ್ತಿದ್ದರೆ ಅದು ಇದರದ್ದೇ. ಹೊಟ್ಟೆ ತುಂಬ ಕಣಗಿಲೆ ತಿಂದು ಬೆಳೆದರೂ ಕ್ರೋ ಚಿಟ್ಟೆಯ ಸೋಡಿಯಂ ಪಂಪಿನಲ್ಲಿ ಮೊನಾರ್ಕ್‌ನ ತಿದ್ದುಪಡಿಗಳಿಲ್ಲ. ಅದು ವಿಷವನ್ನು ಮೈಗೆ ಹತ್ತಿಸಿಕೊಳ್ಳದೆ ಹೊರಹಾಕುತ್ತದೆ. ಜಾರ್ಜ್ ಪೆಟ್ಶೆಂಕಾ ಮತ್ತು ಅನುರಾಗ್ ಅಗ್ರವಾಲ್ ಈ ಚಿಟ್ಟೆಗಳನ್ನು ಹೋಲಿಸಿ 2015ರಲ್ಲಿ ಬಂದ ತೀರ್ಮಾನ ಇದು: ವಿಷದ ಎಲೆ ತಿಂದು ಜೀರ್ಣಿಸಿಕೊಳ್ಳಲು ಪಂಪನ್ನು ತಿದ್ದಬೇಕಾಗಿಯೇ ಇಲ್ಲ, ವಿಷವನ್ನು ಕೂಡಿಟ್ಟುಕೊಳ್ಳುವ ಆಸೆ ಇದ್ದವರಿಗೆ ಮಾತ್ರ ಅದು ಬೇಕು. ಕೂಡಿಡದ ಕ್ರೋ ಮತ್ತೆ ಯಾವ ಧೈರ್ಯದಿಂದ ನಿಧಾನವಾಗಿ ಹಾರುತ್ತದೆ? ಅದರ ಅಂಗಡಿ ಬೇರೆ.

ಗಂಡಸರ ಔಷಧಿ ಅಂಗಡಿ

ಒಣಗಿದ ಕಾಯಿ ಅಲುಗಿದರೆ ಸದ್ದು ಮಾಡುವ ಗಿಲಿಗಿಲಿ ಗಿಡವನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಆಟಿಕೆ ಮಾಡಿಕೊಂಡಿರುತ್ತಾರೆ. ಹಸಿರುಗೊಬ್ಬರಕ್ಕೆಂದು ಗದ್ದೆಗೆ ಬಿತ್ತುವ ಅಪ್ಸೆಣಬು ಅದರ ಬಳಗ. ಹೂಗೊಂಚಲು ಚೇಳಿನ ಕೊಂಡಿಯ ಹಾಗೆ ಸುರುಳಿಯಾಗುವ ಚೇಳುಕೊಂಡಿ ಗಿಡ ಬೇರೆ ಕುಟುಂಬದ್ದು. ಎರಡರಲ್ಲೂ ಪೈರೊಲಿಝಿಡಿನ್ ಆಲ್ಕಲಾಯ್ಡ್ ಎಂಬ ಯಕೃತ್ತಿನ ವಿಷವಿದೆ. 1970ರ ದಶಕದಲ್ಲಿ ಆಗಿನ ಮಧ್ಯಪ್ರದೇಶದ ಸರ್ಗುಜಾದಲ್ಲಿ ಕಿರುಧಾನ್ಯದೊಳಗೆ ಗಿಲಿಗಿಲಿ ಜಾತಿಯ ಬೀಜ ಬೆರೆತು, ಅದನ್ನು ಉಂಡವರು ಹೊಟ್ಟೆ ಊದಿ ಸತ್ತಿದ್ದರು.

ಈ ಗಿಡಗಳು ಟೈಗರ್, ಕ್ರೋಗಳ ಮರಿಗಳಿಗೆ ಆಹಾರವಲ್ಲ. ಬರುವುದು ಬೆಳೆದ ಚಿಟ್ಟೆಗಳು, ಅದರಲ್ಲೂ ಗಂಡುಗಳು. ಹೂವಿಗಲ್ಲ, ಬಾಡಿದ, ಮುರಿದ, ಹುಳು ಕಚ್ಚಿದ ಎಲೆ-ಕಾಂಡಗಳಿಗೆ. ಕಾಲುಗುರಿನಿಂದ ಎಲೆಯನ್ನು ಪರಚಿ, ಗಾಯದಿಂದ ಬಂದ ರಸವನ್ನು ಹೀರು ನಳಿಕೆಯಿಂದ ಎಳೆಯುತ್ತವೆ. ಹೀಗೆ ಮೈಮರೆತ ಗುಂಪಿನ ಹತ್ತಿರ ಹೋಗಿ ಕೂತರೂ ಅವು ಏಳುವುದಿಲ್ಲ. ಮುಂಗಾರಿಗೆ ಮೊದಲು ಪಶ್ಚಿಮ ಘಟ್ಟದ ಮಳೆಯಿಂದ ತಪ್ಪಿಸಿಕೊಂಡು ಬ್ಲೂ ಟೈಗರ್, ಡಾರ್ಕ್ ಬ್ಲೂ ಟೈಗರ್, ಕ್ರೋಗಳು ಸಾವಿರಗಟ್ಟಲೆ ಮೂಡಣದ ಬಯಲಿಗೆ ವಲಸೆ ಹೊರಡುತ್ತವೆ. ಬೆಂಗಳೂರಿನ ಮೇಲೂ ಹಾದುಹೋಗುವ ಆ ದಂಡು ದಾರಿಯಲ್ಲಿ ಗಿಲಿಗಿಲಿ ಗಿಡ ಸಿಕ್ಕರೆ ಇಳಿದು, ಎಲೆಯೇ ಕಾಣದ ಹಾಗೆ ಮುತ್ತಿಕೊಳ್ಳುತ್ತದೆ.

ಹೀರಿದ ವಿಷದಲ್ಲಿ ಒಂದು ಪಾಲು ಮೈರಕ್ಷಣೆಗೆ. ಇನ್ನೊಂದು ಪಾಲು ಪ್ರಣಯಕ್ಕೆ. ಗಂಡಿನ ಹೊಟ್ಟೆಯ ತುದಿಯಲ್ಲಿ ಕುಂಚದಂಥ ಎರಡು ರೋಮಗುಚ್ಛಗಳಿವೆ. ಆಲ್ಕಲಾಯ್ಡನ್ನು ಮಾರ್ಪಡಿಸಿ ಮಾಡಿದ ಡನೈಡೋನ್ ಎಂಬ ಗಂಧವನ್ನು ಅವುಗಳಿಂದ ಹೆಣ್ಣಿನ ಮೇಲೆ ಚಿಮುಕಿಸುತ್ತದೆ. ಫ್ಲಾರಿಡಾದ ಕ್ವೀನ್ ಎಂಬ ಸೋದರ ಚಿಟ್ಟೆಯಲ್ಲಿ ಡನೈಡೋನ್ ಇಲ್ಲದ ಗಂಡುಗಳಿಗೆ ಹೆಣ್ಣು ಒಲಿಯುವುದು ಕಡಿಮೆ ಎಂದು 1969ರಲ್ಲೇ ತೋರಿಸಿದ್ದರು. ಕೂಡುವಾಗ ಗಂಡು ತನ್ನ ವಿಷದ ಬಹುಪಾಲನ್ನು ವೀರ್ಯದ ಜೊತೆ ಹೆಣ್ಣಿಗೆ ದಾಟಿಸುತ್ತದೆ, ಹೆಣ್ಣು ಮೊಟ್ಟೆಗಳಿಗೆ. ಗಂಧ ಎಷ್ಟಿದೆ ಎಂದು ಮೂಸಿದರೆ ವರನ ಆಸ್ತಿ ಎಷ್ಟೆಂದು ತಿಳಿಯಿತು. ವಧುದಕ್ಷಿಣೆಯನ್ನು ವಿಷದಲ್ಲೇ ಎಣಿಸುವ ಕುಲ ಇದು.

ಈ ಹಪಾಹಪಿ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೆ ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ತಂಗ್‌ಕೊಕೊ ಕಾಡಿನಲ್ಲಿ 2019ರ ಡಿಸೆಂಬರ್‌ನಲ್ಲಿ ಕಂಡ ನೋಟವೇ ಸಾಕ್ಷಿ. ಗಂಡು ಚಿಟ್ಟೆಗಳು ತಮ್ಮದೇ ಬಳಗದ ಇನ್ನೊಂದು ಜಾತಿಯ ಕಂಬಳಿಹುಳುಗಳನ್ನು ಜೀವಂತವಾಗಿಯೇ ಪರಚಿ, ಸೋರಿದ ದ್ರವ ಕುಡಿಯುತ್ತಿದ್ದವು. ಸತ್ತವನ್ನೂ ಬಿಡಲಿಲ್ಲ. ಎಲೆಯಿಂದ ಹುಳು ಕೂಡಿಟ್ಟ ವಿಷವನ್ನು ಹುಳುವಿನಿಂದ ಕದಿಯುವ ಈ ದರೋಡೆ 2021ರಲ್ಲಿ ವರದಿಯಾದಾಗ ಚಿಟ್ಟೆಯನ್ನು ‘ಹೂವಿನ ಅತಿಥಿ’ ಎಂದು ಬಣ್ಣಿಸುವವರು ಸ್ವಲ್ಪ ತಡವರಿಸಬೇಕಾಯಿತು.

ಕರಿಬೇವಿನ ಮೇಲೆ ಬೆಳೆದ ನಕಲಿಗಳು

ಒಬ್ಬರು ಕಷ್ಟಪಟ್ಟು ಗಳಿಸಿದ ಹೆಸರನ್ನು ಇನ್ನೊಬ್ಬರು ಬಳಸಿಕೊಳ್ಳುವುದು ಕಾಡಿನಲ್ಲೂ ಉಂಟು. ಹೆನ್ರಿ ಬೇಟ್ಸ್ ಅಮೆಜಾನ್ ಕಾಡಿನ ಚಿಟ್ಟೆಗಳನ್ನು ನೋಡಿ 1862ರಲ್ಲಿ ವಿವರಿಸಿದ ಈ ವೇಷಗಾರಿಕೆಗೆ ನಮ್ಮ ಹಿತ್ತಲೇ ಒಳ್ಳೆಯ ರಂಗಸ್ಥಳ. ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಹೆಣ್ಣು ಪ್ಲೇನ್ ಟೈಗರ್‌ನ ಪಡಿಯಚ್ಚು. ಅದರ ಗಂಡಿನದು ಕಪ್ಪು ರೆಕ್ಕೆ, ಮೇಲೆ ಬಿಳಿ ಬೊಟ್ಟು, ಹೋಲಿಕೆಯೇ ಇಲ್ಲ. ಅದರ ಮರಿಗಳು ತಿಂದು ಬೆಳೆಯುವುದು ನಾವು ಪಲ್ಯ ಮಾಡುವ ಗೋಣಿಸೊಪ್ಪನ್ನು. ವಿಷ ಎಲ್ಲಿಂದ ಬರಬೇಕು?

ಕರಿಬೇವು, ನಿಂಬೆ ಗಿಡ ಬೋಳಿಸುವ ಕಾಮನ್ ಮಾರ್ಮನ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಹೆಣ್ಣುಗಳಲ್ಲಿ ಮೂರು ವೇಷ: ಒಂದು ಗಂಡಿನಂತೆಯೇ, ಒಂದು ಕಾಮನ್ ರೋಸ್ ಚಿಟ್ಟೆಯಂತೆ, ಒಂದು ಕ್ರಿಮ್ಸನ್ ರೋಸ್‌ನಂತೆ. ಆಲ್ಫ್ರೆಡ್ ವಾಲೇಸ್ 1865ರಲ್ಲೇ ಇದರ ಬಗ್ಗೆ ಬರೆದಿದ್ದ. ಒಂದೇ ತಾಯಿಯ ಮಕ್ಕಳು ಹೀಗೆ ಬೇರೆ ಬೇರೆ ಅಚ್ಚಿನಲ್ಲಿ ಹುಟ್ಟುವುದರ ಗುಟ್ಟು ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿಯಲ್ಲಿದೆ ಎಂದು 2014ರಲ್ಲಿ ಕೃಷ್ಣಮೇಘ ಕುಂಟೆ ಮತ್ತು ಸಂಗಡಿಗರು ತೋರಿಸಿದರು. ಕೀಟದಲ್ಲಿ ಗಂಡು-ಹೆಣ್ಣಿನ ಲಕ್ಷಣ ನಿರ್ಧರಿಸುವ ವಂಶವಾಹಿ ಅದು. ಕುಂಟೆ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿದ್ದಾರೆ. ಅಸಲಿ–ನಕಲಿ ಗೊತ್ತು ಹಚ್ಚಲು ಪ್ರಯೋಗಾಲಯ ಬೇಡ. ರೋಸ್‌ಗಳ ಒಡಲು ಕುಂಕುಮದ ಹಾಗೆ ಕೆಂಪು. ಮಾರ್ಮನ್ ರೆಕ್ಕೆಗೆ ಮಾತ್ರ ಬಣ್ಣ ಬಳಿದುಕೊಂಡಿದೆ, ಒಡಲು ಕಪ್ಪಾಗಿಯೇ ಉಳಿದಿದೆ.

ಅಸಲಿ ರೋಸ್‌ಗಳ ವಿಷ ಬರುವುದು ಈಶ್ವರ ಬಳ್ಳಿಯಿಂದ. ಕೊಳವೆಯಂಥ ಹೂವಿನ ಆ ಬಳ್ಳಿಯಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವನ್ನು ಕಾಮನ್ ರೋಸ್ ಚಿಟ್ಟೆಯಲ್ಲಿ ಪತ್ತೆಹಚ್ಚಿದ್ದೂ ಅದೇ ರಾಥ್‌ಶೀಲ್ಡ್, ರೈಕ್‌ಸ್ಟೈನ್ ಗುಂಪು, ಅದೇ 1968ರಲ್ಲಿ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಕೂಡ ಈ ಬಳ್ಳಿಯ ಕೂಸು. ಕಪ್ಪು ಮುಂರೆಕ್ಕೆ, ಹಳದಿ ಹಿಂರೆಕ್ಕೆಯ ಈ ಭಾರಿ ಚಿಟ್ಟೆ ಘಟ್ಟದ ಮರಗಳ ನೆತ್ತಿಯಲ್ಲಿ ಹಕ್ಕಿಯಂತೆ ತೇಲುವುದನ್ನು ಆಗುಂಬೆ, ಬೆಳುವಾಯಿ ಕಡೆ ನೋಡಬಹುದು.

ಇಲ್ಲೊಂದು ಎಚ್ಚರಿಕೆ ಹೇಳದೆ ಮುಂದೆ ಹೋಗಬಾರದು. ಈಶ್ವರ ಬಳ್ಳಿಯ ಬೇರನ್ನು ಹಾವಿನ ವಿಷಕ್ಕೆ, ಜ್ವರಕ್ಕೆ ಕೊಡುವ ರೂಢಿ ನಮ್ಮಲ್ಲಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗಿಡಮೂಲಿಕೆ ಮಾತ್ರೆಗಳೊಳಗೆ ಈ ಕುಲದ ಗಿಡವೊಂದು ಸೇರಿ, ಅದನ್ನು ತಿಂದ ಹೆಂಗಸರ ಮೂತ್ರಪಿಂಡಗಳೇ ಕೈಕೊಟ್ಟವು. ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಬಂತು. ಮನುಷ್ಯರಿಗೆ ಕ್ಯಾನ್ಸರ್ ತರುವುದು ಖಚಿತ ಎಂಬ ವಸ್ತುಗಳ ಪಟ್ಟಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅರಿಸ್ಟೊಲೋಕಿಕ್ ಆಮ್ಲವನ್ನು ಸೇರಿಸಿದೆ. ಚಿಟ್ಟೆಗೆ ಪಥ್ಯವಾದದ್ದು ನಮಗೆ ಪಥ್ಯವಲ್ಲ. ಹಾವು ಕಚ್ಚಿದರೆ ಆಸ್ಪತ್ರೆಗೇ ಓಡಬೇಕು.

ಹೀಗೆ ಲೆಕ್ಕ ಹಾಕುತ್ತ ಹೋದರೆ ಎಕ್ಕ, ಕಣಗಿಲೆ, ಗಿಲಿಗಿಲಿ, ಚೇಳುಕೊಂಡಿ, ಈಶ್ವರ ಬಳ್ಳಿ – ಕಣಗಿಲೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ನಾವು ಕಳೆ ಎಂದು ಕಿತ್ತು ಬಿಸಾಡುವ ಸರಕು. ಬಡಾವಣೆಯ ಖಾಲಿ ಸೈಟು, ಕೆರೆಯ ಏರಿ, ತೋಟದ ಬೇಲಿ, ರೈಲ್ವೆ ಹಳಿಯ ಪಕ್ಕ ಇವು ಉಳಿದಿರುವ ಕೊನೆಯ ತಾಣಗಳು. ಜೆಸಿಬಿ ಬಂದು ಅಲ್ಲಿ ‘ಸ್ವಚ್ಛ’ ಮಾಡಿ, ಅದೇ ಜಾಗದಲ್ಲಿ ಲಾನ್ ಹಾಸಿ, ಗೇಟಿನ ಮೇಲೆ ಚಿಟ್ಟೆಯ ಚಿತ್ರ ಬರೆಸಿ ಪಾರ್ಕು ಎಂದು ಕರೆಯುವುದನ್ನು ನೋಡುತ್ತಿದ್ದೇವೆ. ಆ ಪಾರ್ಕಿನ ಹೂವಿಗೆ ಚಿಟ್ಟೆ ಬಂದೀತು, ಮಕರಂದ ಕುಡಿದು ಹೋದೀತು. ಮೊಟ್ಟೆಯಿಡಲು ಎಲೆಯಿಲ್ಲ, ಮೈಗೆ ಹತ್ತಿಸಿಕೊಳ್ಳಲು ವಿಷವಿಲ್ಲ.

ಮನೆಯಲ್ಲಿ ಜಾಗವಿದ್ದು ಚಿಟ್ಟೆಗೆಂದೇ ಗಿಡ ಬೆಳೆಸುವ ಮನಸ್ಸಿರುವವರಿಗೆ ಒಂದು ಮಾತು. ನರ್ಸರಿಗಳಲ್ಲಿ ಈಶ್ವರ ಬಳ್ಳಿಯ ದಕ್ಷಿಣ ಅಮೆರಿಕದ ಬಂಧುವೊಂದನ್ನು ಅದರ ದೊಡ್ಡ ಕೆನ್ನೀಲಿ ಚುಕ್ಕೆಯ ಹೂವಿಗಾಗಿ ಮಾರುತ್ತಾರೆ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆಗಳು ಆ ಬಳ್ಳಿಯ ವಾಸನೆಗೆ ಮೋಸಹೋಗಿ ಮೊಟ್ಟೆಯಿಟ್ಟವು, ಎಲೆ ತಿಂದ ಮರಿಗಳೆಲ್ಲ ಸತ್ತವು. ಅಲ್ಲಿ ಈಗ ಅದನ್ನು ಹುಡುಕಿ ಹುಡುಕಿ ಕೀಳುತ್ತಿದ್ದಾರೆ. ಒಂದೇ ಕುಲದ ವಿಷವಾದರೂ ಊರಿನ ಚಿಟ್ಟೆಗೆ ಒಗ್ಗುವುದು ಊರಿನ ಗಿಡದ್ದು. ಆದ್ದರಿಂದ ನರ್ಸರಿಗೆ ಹೋದಾಗ ಹೂವಿನ ಗಾತ್ರಕ್ಕೆ ಮರುಳಾಗದೆ ನಮ್ಮ ಈಶ್ವರ ಬಳ್ಳಿಯನ್ನೇ ಕೇಳಿ ತನ್ನಿ. ಮಕ್ಕಳಿಗೆ ಎಟುಕದ ಕಡೆ ನೆಡಿ. ಹುಳು ಅದನ್ನು ಬೋಳು ಮಾಡಿದರೆ ಔಷಧಿ ಹೊಡೆಯಬೇಡಿ.